ವಂಶವೃಕ್ಷ ಕೇಳದೆ ಬಾಲಿಯಲ್ಲಿ ಎಂಟು ಆರೆ ಗದ್ದೆ ಹಿಡಿದ ಕಥೆ

ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ತಾಗಿದ ಎರಡು ಗುಂಟೆ ಜಾಗ ಕೊಳ್ಳುವಾಗ ನಾನು ಮಾರುವವರ ವಂಶವೃಕ್ಷ ತರಿಸಿದ್ದೆ, ಋಣಭಾರ ಪತ್ರ ತೆಗೆಸಿದ್ದೆ, ಮದುವೆಯಾಗಿ ಶಿರಸಿಗೆ ಹೋಗಿದ್ದ ಅವರ ತಂಗಿಯ ಸಹಿ ಬೀಳುವ ತನಕ ಮುಂಗಡ ಕೊಟ್ಟಿರಲಿಲ್ಲ. ಅದೇ ನಾನು ಬಾಲಿಯ ಹಳ್ಳಿಯೊಂದರಲ್ಲಿ ಇದ್ಯಾವುದನ್ನೂ ಕೇಳದೆ ಸುಮಾರು 32 ಲಕ್ಷ ರೂಪಾಯಿ ಕೊಟ್ಟು ಬಂದೆ. ಈಗ ಬೆಂಗಳೂರಿನ ಪರಿಚಿತರಿಬ್ಬರು ಅದೇ ಕಡೆ ಜಾಗ ನೋಡಲು ಹೊರಟಿರುವುದರಿಂದ, ಮಾನ ಬಿಟ್ಟು ಬರೆಯುತ್ತಿದ್ದೇನೆ.

ಊರು ಪಶ್ಚಿಮ ಬಾಲಿಯ ಜೆಂಬ್ರಾನಾ ಜಿಲ್ಲೆಯದು, ಪೆಕುತಾತನ್‌ನ ಆಸುಪಾಸು. ಹೆಸರು ಬೇಡ, ಊರಿನವರದ್ದು ತಪ್ಪಿಲ್ಲ. ಪ್ರವಾಸಿಗರು ತುಂಬಿ ತುಳುಕುವ ದಕ್ಷಿಣದ ಕಡೆಗೂ ಇದಕ್ಕೂ ಸಂಬಂಧವೇ ಇಲ್ಲ. ಗದ್ದೆ, ತೆಂಗು, ಕೋಕೋ, ಹಿಂದೆ ಕಾಡಿನ ಗುಡ್ಡ, ಮುಂದೆ ಕಪ್ಪು ಮರಳಿನ ಕಡಲು. ಸಂಜೆ ದೇವಸ್ಥಾನದಲ್ಲಿ ಮರದ ಕುಲ್‌ಕುಲ್ ಬಡಿಯುತ್ತಾರೆ. ಸರಸ್ವತಿಗೆ ಒಂದು ಹಬ್ಬ, ಗಣಪತಿಗೆ ಬಾಗಿಲ ಬಳಿ ಜಾಗ. ನನ್ನ ಹೆಂಡತಿ ಮೊದಲ ದಿನವೇ, "ಇದು ನಮ್ಮೂರೇ, ಮಾತು ಮಾತ್ರ ಬೇರೆ" ಎಂದಳು. ನಾವು ಮೋಸಹೋದದ್ದು ಆ ಮಾತಿಗೆ. ದಲ್ಲಾಳಿ ಬಂದದ್ದು ಆಮೇಲೆ.

ಕಾನೂನು ಓದದೆ ಹೋಗಿರಲಿಲ್ಲ. ಇಂಡೋನೇಷ್ಯಾದ 1960ರ ಭೂ ಕಾಯ್ದೆಯ ಪ್ರಕಾರ 'ಹಕ್ ಮಿಲಿಕ್' ಎನ್ನುವ ಪೂರ್ಣ ಒಡೆತನ ಅಲ್ಲಿಯ ಪ್ರಜೆಗಳಿಗೆ ಮಾತ್ರ. ಸ್ಥಳೀಯನೊಬ್ಬನ ಹೆಸರಿನಲ್ಲಿ ಕೊಂಡು, ಒಳಗೊಳಗೆ ಸಾಲಪತ್ರ, ಅಧಿಕಾರಪತ್ರ ಬರೆಸಿಕೊಳ್ಳುವ ಬೇನಾಮಿ ದಾರಿಯನ್ನೂ ಅದರ 26ನೆಯ ವಿಧಿ ಮುಚ್ಚಿದೆ: ವ್ಯವಹಾರ ಅಸಿಂಧು, ಭೂಮಿ ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸು ಕೇಳುವ ಹಾಗೂ ಇಲ್ಲ. ದಲ್ಲಾಳಿ ಮೊದಲು ಅದನ್ನೇ ಮುಂದಿಟ್ಟ. ನಾವು ತಲೆಯಾಡಿಸಿ ಬೇಡವೆಂದೆವು. ಎಷ್ಟು ಜಾಣರು ನಾವು ಎಂದು ಆ ರಾತ್ರಿ ಬೀಗಿದ್ದೂ ನೆನಪಿದೆ. ದೊಡ್ಡ ಗುಂಡಿ ದಾಟಿದ ಸಂಭ್ರಮದಲ್ಲಿ ಸಣ್ಣ ಗುಂಡಿಗಳು ಕಾಣಲಿಲ್ಲ.

ಉಳಿದದ್ದು ಗುತ್ತಿಗೆ. ಅಲ್ಲಿ ಭೂಮಿಯನ್ನು 'ಆರೆ' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಆರೆ ಎಂದರೆ ನೂರು ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ಬೆಲೆ ಹೇಳುವುದು ಒಂದು ಆರೆಗೆ, ಒಂದು ವರ್ಷಕ್ಕೆ. ಕೊಡುವುದು ಮಾತ್ರ ಇಡೀ ಅವಧಿಯದ್ದು, ಒಟ್ಟಿಗೆ, ಮುಂಗಡವಾಗಿ. ಎಂಟು ಆರೆ, 25 ವರ್ಷ, ಆರೆಗೆ ವರ್ಷಕ್ಕೆ ಮೂರು 'ಜುತಾ'. ಜುತಾ ಎಂದರೆ ಹತ್ತು ಲಕ್ಷ ರುಪಿಯಾ. ಒಟ್ಟು 600 ಜುತಾ. ಆ ಸೊನ್ನೆಗಳ ನಡುವೆ ನಮ್ಮ ರೂಪಾಯಿಯ ಅಂದಾಜೇ ತಪ್ಪಿಹೋಗುತ್ತದೆ. ಹೋಟೆಲಿನ ಕಾಫಿಗೂ ಸಾವಿರಗಟ್ಟಲೆ ಎಣಿಸುವಾಗ ಕೈ ಸಡಿಲವಾಗುವುದು ಸಹಜ.

ಜೊತೆಗೆ ಆಸೆ ತೋರಿಸಲು ಹೆದ್ದಾರಿಯಿತ್ತು. ಗಿಲಿಮಾನುಕ್ ಬಂದರಿನಿಂದ ಮೆಂಗ್ವಿಯ ತನಕ ಟೋಲ್ ರಸ್ತೆ ಬರುತ್ತದೆ, 2022ರ ಸೆಪ್ಟೆಂಬರ್‌ನಲ್ಲಿ ಪೆಕುತಾತನ್‌ನಲ್ಲೇ ಶಂಕುಸ್ಥಾಪನೆ ಆಗಿದೆ, ಬೆಲೆ ಮೂರು ಪಟ್ಟಾಗುತ್ತದೆ ಎಂದು ದಲ್ಲಾಳಿ ಫೋಟೊ ತೋರಿಸಿದ. ಶಂಕುಸ್ಥಾಪನೆ ನಿಜ. ನಾನು ಕೊನೆಯ ಸಲ ಹೋದಾಗಲೂ ರಸ್ತೆ ಮಾತ್ರ ಇರಲಿಲ್ಲ. ಜಾವಾದಿಂದ ಬರುವ ಲಾರಿಗಳ ಹಿಂದೆ ತೆವಳುತ್ತ ವಿಮಾನ ನಿಲ್ದಾಣದಿಂದ ಮೂರು ಗಂಟೆಗೂ ಹೆಚ್ಚು ಬೇಕಾಯಿತು. ರಿಂಗ್ ರೋಡ್ ಬರುತ್ತದೆಂದು ಸೈಟು ಮಾರುವವರನ್ನು ಬೆಂಗಳೂರಿನಲ್ಲಿ ಕಂಡು ನಕ್ಕವನು ನಾನೇ.

ನೋಟರಿಯನ್ನು ಗೊತ್ತುಮಾಡಿದ್ದು ದಲ್ಲಾಳಿ. ಪತ್ರ ಇಂಡೋನೇಷ್ಯಾ ಭಾಷೆಯಲ್ಲಿ. ಅರ್ಥ ಹೇಳಿದವನೂ ದಲ್ಲಾಳಿಯೇ. ಬಾಡಿಗೆಯ ಮೇಲೆ ಶೇಕಡಾ 10ರ ತೆರಿಗೆ ಇರುವುದರಿಂದ ಪತ್ರದಲ್ಲಿ 280 ಜುತಾ ಎಂದು ಬರೆಯೋಣ, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದ. 'ಎಲ್ಲರೂ ಹಾಗೆಯೇ ಮಾಡುತ್ತಾರೆ' ಎಂಬುದು ನಮಗೂ ಚಿರಪರಿಚಿತ ವಾಕ್ಯವಲ್ಲವೇ? ಒಪ್ಪಿದೆವು. ಒಡೆಯರ ಕೈಗೆ ಸೇರಿದ್ದು ಆ 280 ಮಾತ್ರ ಎಂದು ಗೊತ್ತಾದದ್ದು ಬಹಳ ತಡವಾಗಿ. ಅಷ್ಟೂ ಹಣ ಹೋದದ್ದು ದಲ್ಲಾಳಿಯ ಖಾತೆಯ ಮೂಲಕ.

ಸಹಿ ಹಾಕಿದ ರೈತನ ಹೆಸರು 'ವಯಾನ್' ಎಂದು ಶುರುವಾಗುತ್ತಿತ್ತು. ಬಾಲಿಯಲ್ಲಿ ಹುಟ್ಟಿದ ಕ್ರಮವೇ ಹೆಸರು: ಮೊದಲನೆಯವನು ವಯಾನ್, ಆಮೇಲೆ ಮಾದೆ, ನ್ಯೋಮನ್, ಕೆತುತ್. ಈ ಸ್ವಾರಸ್ಯವನ್ನು ನಾನೇ ಮನೆಯವರಿಗೆಲ್ಲ ಫೋನಿನಲ್ಲಿ ಹೇಳಿ ನಗಿಸಿದ್ದೆ. ಹಾಗಾದರೆ ಎರಡನೆಯವನು ಎಲ್ಲಿ ಎಂದು ಮಾತ್ರ ಕೇಳಲಿಲ್ಲ. ಭೂಪ್ರಮಾಣಪತ್ರ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು.

ಎರಡನೆಯವನು ಪ್ರವಾಸಿ ಹಡಗಿನಲ್ಲಿ ಕೆಲಸಕ್ಕಿದ್ದ. ಏಳು ತಿಂಗಳಾದ ಮೇಲೆ ಬಂದವನು, ನಾವು ಬೇಲಿಗೆ ನೆಟ್ಟ ಕಂಬಗಳ ಮುಂದೆ ನಿಂತು ಬಹಳ ಸೌಜನ್ಯದಿಂದಲೇ, "ಅಪ್ಪ, ಇಲ್ಲಿ ನನ್ನ ಪಾಲೂ ಇದೆ" ಎಂದ. 'ಬಪಾಕ್' ಎಂದರೆ ಅಪ್ಪ, ದೊಡ್ಡವರಿಗೆಲ್ಲ ಹಾಗೆಯೇ ಹೇಳುವುದು. ಸರಿ, ಅವನನ್ನೂ ಒಪ್ಪಿಸೋಣ ಎಂದು ಮಾತುಕತೆಗೆ ಕುಳಿತೆವು. ಅಷ್ಟರಲ್ಲಿ ಡೆನ್‌ಪಸಾರ್‌ನ ವಾಸ್ತುಶಿಲ್ಪಿಯೊಬ್ಬರು ವಲಯ ನಕ್ಷೆ ನೋಡಿ ಹೇಳಿದರು: ಇದು ರಕ್ಷಿತ ಗದ್ದೆ, ಹಸಿರು ವಲಯ. ಮನೆಗೆ 'ಪಿಬಿಜಿ' ಎಂಬ ಕಟ್ಟಡ ಪರವಾನಗಿ ಸಿಗುವುದಿಲ್ಲ. ಅಣ್ಣ, ತಮ್ಮ ಇಬ್ಬರೂ ಸಹಿ ಹಾಕಿದರೂ ಇಲ್ಲ. ಪಕ್ಕದಲ್ಲಿ ಯಾರೋ ಕಟ್ಟಿದ್ದಾರಲ್ಲ ಎಂದರೆ, ಕಟ್ಟಿರಬಹುದು. 2025ರ ಜುಲೈನಲ್ಲಿ ಬಿಂಗಿನ್ ಕಡಲತೀರದಲ್ಲಿ ಸರ್ಕಾರ ನಲವತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಲು ಹೊರಟದ್ದು ನೋಡಿದಾಗ, ನಮ್ಮ ಗೋಡೆ ಏಳದಿದ್ದದ್ದೇ ಪುಣ್ಯ ಎನ್ನಿಸಿತು.

ಹೋಗುವವರು ಇಷ್ಟು ಮಾಡಿ. ದಲ್ಲಾಳಿಗೆ ಸಂಬಂಧವಿಲ್ಲದ ನೋಟರಿಯನ್ನು ನೀವೇ ಹುಡುಕಿ, ಭೂ ಕಚೇರಿ 'ಬಿಪಿಎನ್‌'ನಿಂದ 'ಎಸ್‌ಕೆಪಿಟಿ' ತೆಗೆಸಿ. ಅದು ನಮ್ಮ ಋಣಭಾರ ಪತ್ರದ ಹಾಗೆ. ಒಡೆಯ ಸತ್ತಿದ್ದರೆ ವಾರಸುದಾರರ ಪತ್ರವೂ ಅವರೆಲ್ಲರ ಸಹಿಯೂ ಬೇಕು. 'ತಾತಾ ರುವಾಂಗ್' ಎಂದರೆ ವಲಯದ ಮಾಹಿತಿ, ಅದು ಬರಹದಲ್ಲಿ ಬೇಕು. 'ಗಿರಿಕ್' ಎಂಬ ಹಳೆಯ ಕಂದಾಯ ಚೀಟಿ ತೋರಿಸಿದರೆ ಎದ್ದು ಬನ್ನಿ. ಊರಿಗೆ ಇಬ್ಬರು ಮುಖ್ಯಸ್ಥರಿರುತ್ತಾರೆ. ಸರ್ಕಾರದ ಕಡೆಯ ಪರ್ಬೆಕೆಲ್ ಒಬ್ಬರು, ಸಂಪ್ರದಾಯದ ಕಡೆಯ ಬೆಂದೆಸಾ ಇನ್ನೊಬ್ಬರು. ನಾವು ಮೊದಲನೆಯವರಿಗೆ ಮಾತ್ರ ನಮಸ್ಕರಿಸಿದ್ದೆವು. ದೇವಸ್ಥಾನದ ಭೂಮಿ, ಊರಿನ ಸಾಮೂಹಿಕ ಭೂಮಿ ಯಾವುದೆಂದು ಗೊತ್ತಿರುವುದು ಎರಡನೆಯವರಿಗೆ. ಸುಬಾಕ್ ಎಂಬ ನೀರಾವರಿ ಸಂಘದ ಕಾಲುವೆಬದುವಿನ ಮೇಲೆ ಕಾರು ಹೋಗಲು ಬಿಡುವುದಿಲ್ಲ ಎಂಬುದನ್ನೂ ಅವರೇ ಮೊದಲೇ ಹೇಳುತ್ತಿದ್ದರು. ವೀಸಾದ್ದು ಬೇರೆಯೇ ತಾಪತ್ರಯ: ಅಲ್ಲಿಳಿದಾಗ ಸಿಗುವುದು 30 ದಿನ, ಒಮ್ಮೆ ಮಾತ್ರ ವಿಸ್ತರಣೆ. 25 ವರ್ಷದ ಗುತ್ತಿಗೆ, 60 ದಿನದ ವಾಸ.

ಕೊನೆಗೆ ನಮ್ಮನ್ನು ಕೂರಿಸಿ ಮಾತಾಡಿಸಿದ್ದೂ ಆ ಬೆಂದೆಸಾ ಅವರೇ. ದಲ್ಲಾಳಿಯ ಫೋನು ಅಷ್ಟರಲ್ಲಿ ಬಂದ್. ನೋಟರಿ ಕಚೇರಿ, ಪತ್ರದಲ್ಲಿರುವ ಮೊತ್ತಕ್ಕಷ್ಟೇ ನಾವು ಸಾಕ್ಷಿ ಎಂದು ಕೈತೊಳೆಯಿತು. ವಯಾನ್ ತಲೆ ತಗ್ಗಿಸಿ ಕುಳಿತಿದ್ದ. ಬಂದ ಹಣದ ದೊಡ್ಡ ಪಾಲು ತಂದೆಯ ಶವಸಂಸ್ಕಾರದ 'ಙಾಬೆನ್'ಗೆ ಹೋಗಿತ್ತು. ಎಷ್ಟೋ ವರ್ಷ ಹೂತಿಟ್ಟಿದ್ದ ದೇಹಕ್ಕೆ ಈಗಷ್ಟೇ ಬೆಂಕಿ ಸಿಕ್ಕಿತ್ತು. ಅವನ ಮೇಲೆ ರೇಗಲು ನನ್ನ ಹೆಂಡತಿ ಬಿಡಲಿಲ್ಲ. ಗುತ್ತಿಗೆ ರದ್ದು, 150 ಜುತಾ ಹಿಂದಿರುಗಿಸುವುದು, ಐದು ಕಂತು, ಕಂತಿಗೊಂದು ಗಲುಂಗನ್ ಹಬ್ಬ ಎಂದು ತೀರ್ಮಾನವಾಯಿತು. 210 ದಿನಕ್ಕೊಮ್ಮೆ ಬರುವ ಹಬ್ಬ ಅದು. ಇಲ್ಲಿ ನಾನು ಪ್ರತಿ ವರ್ಷ ಆದಾಯ ತೆರಿಗೆಯ ವಿದೇಶಿ ಆಸ್ತಿ ಪಟ್ಟಿಯಲ್ಲಿ ಆ ಎಂಟು ಆರೆಯನ್ನು ಬರೆಯುತ್ತ ಬಂದಿದ್ದೇನೆ. ಗುತ್ತಿಗೆ ರದ್ದುಪತ್ರದ ನೋಂದಾಯಿತ ಪ್ರತಿ ಇನ್ನೂ ಕೈಗೆ ಬಂದಿಲ್ಲ.

ಎರಡು ಕಂತು ಬಂದಿವೆ. ಎರಡನೆಯದರ ಜೊತೆ ವಯಾನ್‌ನ ತಮ್ಮ ಒಂದು ಫೋಟೊ ಕಳಿಸಿದ್ದ: ನಮ್ಮ ಬೇಲಿಯ ಕಂಬಗಳಿಗೆ ಹಕ್ಕಿ ಓಡಿಸುವ ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ, ಸುತ್ತ ಭತ್ತ ತೆನೆ ಬಿಟ್ಟಿದೆ.