ಕ್ವಿಲ್ಟ್‌ಗೆ ಯಾವ ಹೂಪ್? ಸ್ಕ್ರೂ, ಅಂಟು, ಮ್ಯಾಗ್ನೆಟ್: ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮ್ಯಾಗ್ನೆಟ್ ಹೂಪ್‌ಗೆ. ಹೂಪ್ ಅಂದರೆ ಮಷಿನ್ ಎಂಬ್ರಾಯ್ಡರಿ ಹಾಕುವಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡುವ ಚೌಕಟ್ಟು, ಹೊಲಿಗೆ ಅದರ ಒಳಗಷ್ಟೇ ಬೀಳುತ್ತದೆ. ಎಂಬ್ರಾಯ್ಡರಿ ಮಷಿನ್ ಜೊತೆ ಬಂದ ಸ್ಕ್ರೂ ಹೂಪ್ ಹೇಗೂ ಇತ್ತು. ಅಂಟು ಸ್ಟೆಬಿಲೈಸರ್ (ಹೊಲಿಯುವಾಗ ಬಟ್ಟೆ ಸುಕ್ಕಾಗದಂತೆ ಅಡಿಗೆ ಹಾಕುವ ಹಾಳೆ) ಮೇಲೆ ಬಟ್ಟೆ ಕೂರಿಸುವ ಉಪಾಯವನ್ನೂ ಮಾಡಿ ನೋಡಿದೆ. ಕೊನೆಗೆ ದುಡ್ಡು ಕೂಡಿಟ್ಟು ಮ್ಯಾಗ್ನೆಟ್‌ದು ತಗೊಂಡೆ. ಇಲ್ಲಿ ಹೇಳುತ್ತಿರುವುದು ಎಂಬ್ರಾಯ್ಡರಿ ಡಿಸೈನ್ ಹಾಕಿಯೇ ಕ್ವಿಲ್ಟಿನ ಮೂರು ಪದರಗಳನ್ನು, ಅಂದರೆ ಮೇಲ್ಬಟ್ಟೆ, ನಡುವಿನ ಬ್ಯಾಟಿಂಗ್ (ಹತ್ತಿಯಂಥ ಮೆತ್ತನೆಯ ಹಾಸು), ಅಡಿಬಟ್ಟೆ, ಮೂರನ್ನೂ ಸೇರಿಸಿ ಹೊಲಿಯುವ ಕೆಲಸದ ಬಗ್ಗೆ. ಕರ್ಚೀಫಿನ ಮೂಲೆಗೆ ಹೂವು ಹಾಕುವವರಿಗೆ ಈ ತಲೆನೋವೇ ಇಲ್ಲ.

ಒಂದು ಲೆಕ್ಕ ಹಾಕಿ ನೋಡಿ. 5×7 ಇಂಚಿನ ಹೂಪ್ ಅಂದರೆ ಸುಮಾರು 130×180 ಮಿಲಿಮೀಟರ್ ಜಾಗ. ಕ್ವಿಲ್ಟ್ 60×70 ಇಂಚು ಅಂದುಕೊಳ್ಳಿ. ಅಡ್ಡಕ್ಕೆ 12, ಉದ್ದಕ್ಕೆ 10. ಒಟ್ಟು 120 ಸಲ ಹೂಪ್ ಬಿಚ್ಚಿ ಮತ್ತೆ ಹಾಕಬೇಕು. 6×10 ಇಂಚಿನದಾದರೂ 70 ಸಲ. ಹೂಪ್ ಕೊಳ್ಳುವಾಗ ಯಾರೂ ಈ ಲೆಕ್ಕ ಹೇಳುವುದಿಲ್ಲ. ಒಂದು ಸಲಕ್ಕೆ ಏನೂ ಅನ್ನಿಸದ ಕಿರಿಕಿರಿ 120 ಸಲ ಆದಾಗ, ಹೊಲಿಗೆ ಪಕ್ಕಕ್ಕೆ ಹೋಗಿ ಹೂಪ್ ಹಾಕುವುದೇ ದೊಡ್ಡ ಕೆಲಸವಾಗುತ್ತದೆ.

ಸ್ಕ್ರೂ ಹೂಪ್ ಎಲ್ಲರಿಗೂ ಗೊತ್ತು. ಹೊರಗಿನ ಚೌಕಟ್ಟಿನ ಮೇಲೆ ಬಟ್ಟೆ ಹಾಸಿ, ಒಳಗಿನ ಚೌಕಟ್ಟನ್ನು ಒತ್ತಿ ಕೂರಿಸಿ, ಸ್ಕ್ರೂ ಬಿಗಿ ಮಾಡುವುದು. ಒಂದೇ ಪದರದ ಕಾಟನ್ನಿಗೆ ಇದು ತುಂಬಾ ಚೆನ್ನಾಗಿದೆ. ಬೆರಳಲ್ಲಿ ತಟ್ಟಿದರೆ ಟಪ್ ಅನ್ನುವಷ್ಟು ಬಿಗಿ ಬರುತ್ತದೆ. ಮೂರು ಪದರ ಬಂದ ಕೂಡಲೇ ಕಥೆ ಬೇರೆ.

ಕಿರಿಕಿರಿ ಎಲ್ಲಿದೆ ಅಂದರೆ, ಒಳಗಿನ ಚೌಕಟ್ಟು ಕೆಳಗೆ ಇಳಿಯುವಾಗ ಸುಮ್ನೆ ಇಳಿಯುವುದಿಲ್ಲ. ಮೇಲ್ಬಟ್ಟೆಯನ್ನು ಜೊತೆಗೆ ಎಳೆದುಕೊಂಡೇ ಇಳಿಯುತ್ತದೆ. ನೀರಿಗೆ ಅಳಿಯುವ ಪೆನ್ನಿನಲ್ಲಿ ಅಡ್ಡಗೆರೆ, ಉದ್ದಗೆರೆ ಹಾಕಿರುತ್ತೇನೆ. ಹೂಪ್ ಜೊತೆ ಬಂದ ಪ್ಲಾಸ್ಟಿಕ್ ಟೆಂಪ್ಲೇಟನ್ನು ಗೆರೆಗೆ ಗೆರೆ ಕೂಡಿಸಿ ಇಟ್ಟಿರುತ್ತೇನೆ. ಎಲ್ಲ ಸರಿ ಇದೆ. ಎರಡೂ ಅಂಗೈ ಊರಿ ಒತ್ತುತ್ತೇನೆ. ಎಡಗಡೆ ಕೂರುತ್ತದೆ, ಬಲಗಡೆ ಎದ್ದು ನಿಲ್ಲುತ್ತದೆ. ಬಲಗಡೆ ಒತ್ತಿದರೆ ಎಡಗಡೆ ಜಾರುತ್ತದೆ. ಅಂತೂ ಕೂತಾಗ ಮತ್ತೆ ಟೆಂಪ್ಲೇಟ್ ಇಟ್ಟು ನೋಡಿದರೆ ಗೆರೆ ಎರಡು ಮಿಲಿಮೀಟರ್ ಆಚೆ.

ಎರಡು ಮಿಲಿಮೀಟರ್ ಯಾವ ಮಹಾ ಅಂತ ಅನ್ನಿಸಬಹುದು. ಬಿಡಿ ಹೂವಿಗೆ ಏನೂ ಅಲ್ಲ. ಆದರೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲಾಗಿ ಓಡುವ ಬಳ್ಳಿ ಡಿಸೈನಿನಲ್ಲಿ, ಒಂದರ ಕೊನೆ ಇನ್ನೊಂದರ ಮೊದಲಿಗೆ ಕೂಡಲೇಬೇಕು. ಅಲ್ಲಿ ಎರಡು ಮಿಲಿಮೀಟರ್ ಅಂದರೆ ಬಳ್ಳಿ ತುಂಡಾಗಿದೆ ಅಂತಲೇ ಕಾಣುತ್ತದೆ. ಮಷಿನ್ನಿನಲ್ಲಿ ಡಿಸೈನ್ ಸರಿಸಿ, ತಿರುಗಿಸಿ ಹೊಂದಿಸಬಹುದು ನಿಜ. ಪ್ರತಿ ಸಲವೂ ಅದನ್ನೇ ಮಾಡುತ್ತಾ ಕೂರಬೇಕಾದರೆ ಕೈಯಲ್ಲೇ ಹೊಲಿಯಬಹುದಲ್ವಾ?

ಅಡಿಬಟ್ಟೆಯದು ಇನ್ನೊಂದು ಗೋಳು. ಒತ್ತುವ ರಭಸಕ್ಕೆ ಕೆಳಗೆ ಎಲ್ಲೋ ಒಂದು ಸಣ್ಣ ಮಡಿಕೆ ಬೀಳುತ್ತದೆ. ಮೇಲಿಂದ ಕಾಣುವುದಿಲ್ಲ. ಹೊಲಿಗೆ ಮುಗಿಸಿ ತಿರುಗಿಸಿದಾಗ ಮಡಿಕೆ ಅಲ್ಲೇ ಭದ್ರವಾಗಿ ಕೂತಿರುತ್ತದೆ. ಬಿಚ್ಚಬೇಕು. ಎಂಬ್ರಾಯ್ಡರಿ ಡಿಸೈನಿನಲ್ಲಿ ಬಹಳಷ್ಟು ಸಲ ಒಂದೇ ಗೆರೆಯ ಮೇಲೆ ಸೂಜಿ ಎರಡೆರಡು ಸಲ ಹಾದುಹೋಗಿರುತ್ತದೆ, ಬಿಚ್ಚುವುದು ಮಾಮೂಲಿ ಹೊಲಿಗೆಯಷ್ಟು ಸುಲಭವಲ್ಲ. ನಾಲ್ಕು ತುಂಡು ಕೂಡುವ ಕಡೆ ಹೊಲಿಗೆಯಂಚುಗಳ ದಪ್ಪ ಬೇರೆ. ಆ ಗಂಟು ಚೌಕಟ್ಟಿನ ಅಡಿಗೆ ಬಂದರೆ ಸ್ಕ್ರೂ ಅದನ್ನೊಂದೇ ಹಿಡಿದುಕೊಳ್ಳುತ್ತದೆ, ಉಳಿದ ಕಡೆ ಸಡಿಲ. ಸಡಿಲವಾಯಿತಲ್ಲ ಅಂತ ಹೂಪ್ ಹಾಕಿದ ಮೇಲೆ ಬಟ್ಟೆಯ ತುದಿ ಹಿಡಿದು ಎಳೆದರೆ ನೇಯ್ಗೆಯೇ ಓರೆಯಾಗಿ ಹಿಗ್ಗುತ್ತದೆ. ಹೂಪ್ ತೆಗೆದಾಗ ಅದು ಮತ್ತೆ ಕುಗ್ಗಿ, ಡಿಸೈನಿನ ಸುತ್ತ ಸುಕ್ಕು.

ಹೂಪಿನ ಅಚ್ಚು ಬೀಳುತ್ತದೆ ಅಂತ ಜಾಸ್ತಿ ದೂರು ಕೇಳುತ್ತೇವೆ. ಕಾಟನ್ನಿಗೆ ಆವಿ ಇಸ್ತ್ರಿ ಮಾಡಿದರೆ, ಇಲ್ಲ ಒಂದು ಸಲ ಒಗೆದರೆ ಹೋಗುತ್ತದೆ. ವೆಲ್ವೆಟ್ಟಿಗೆ ಮಾತ್ರ ಸ್ಕ್ರೂ ಹೂಪ್ ಹಾಕಲೇಬೇಡಿ.

ಇನ್ನು ಅಂಟು ಸ್ಟೆಬಿಲೈಸರ್. ಇದರಲ್ಲಿ ಹೂಪಿಗೆ ಹಾಕುವುದು ಸ್ಟೆಬಿಲೈಸರ್ ಒಂದನ್ನೇ. ಗುಂಡುಸೂಜಿಯಲ್ಲಿ ಮೇಲಿನ ಕಾಗದವನ್ನು ಗೀರಿ ಸುಲಿದರೆ ಒಳಗೆ ಅಂಟು. ಅದರ ಮೇಲೆ ಕ್ವಿಲ್ಟ್ ಇಟ್ಟು ಒತ್ತುವುದು. ಗೆರೆ ಕೂಡಿಸುವ ವಿಷಯದಲ್ಲಿ ಸ್ಕ್ರೂಗಿಂತ ಎಷ್ಟೋ ವಾಸಿ, ಯಾಕೆಂದರೆ ಬಟ್ಟೆಯನ್ನು ಯಾರೂ ಎಳೆಯುತ್ತಿಲ್ಲ. ತೊಂದರೆ ಕ್ವಿಲ್ಟಿನ ಭಾರದ್ದು. ಮಷಿನ್ ಹೂಪನ್ನು ಆ ಕಡೆ ಈ ಕಡೆ ಓಡಿಸುವಾಗ ಕ್ವಿಲ್ಟಿನ ತುದಿ ಮೇಜಿನ ಅಂಚಿಗೆ ಸ್ವಲ್ಪ ಸಿಕ್ಕಿಕೊಂಡರೂ ಸಾಕು, ಒಂದು ಮೂಲೆ ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ಮೊದಲು ಸುತ್ತಲೂ ಉದ್ದುದ್ದ ಟಾಕು ಹಾಕಿಸಿಕೊಂಡರೆ ಬಿಡುವುದು ಕಡಿಮೆ. ಆದರೆ ಸೂಜಿಗೆ ಅಂಟು ಹತ್ತಿ, ನೂಲು ಎಳೆ ಎಳೆಯಾಗಿ ಕಿತ್ತುಬರುತ್ತದೆ. ಆಗಾಗ ನಿಲ್ಲಿಸಿ ಸೂಜಿ ಒರೆಸಬೇಕು. ಮೇಲಾಗಿ ಕ್ವಿಲ್ಟಿಗೆ ಸ್ಟೆಬಿಲೈಸರ್ ಬೇಕೇ ಇಲ್ಲ. ಹಗುರವಾದ ಡಿಸೈನ್ ಆದರೆ ಬ್ಯಾಟಿಂಗೇ ಆ ಕೆಲಸ ಮಾಡುತ್ತದೆ. ಬೇಡದ ವಸ್ತುವನ್ನು ಹಾಳೆ ಹಾಳೆಯಾಗಿ ಖರ್ಚು ಮಾಡಿ, ಆಮೇಲೆ ಹಿಂದಿನಿಂದ ಚೂರು ಚೂರಾಗಿ ಕಿತ್ತು ತೆಗೆಯುವುದು ನನಗೆ ಒಗ್ಗಲಿಲ್ಲ. ಕಾಲರ್, ಜೇಬು, ಹೂಪಿಗೆ ಸಿಗದಷ್ಟು ಸಣ್ಣ ತುಂಡು, ಇಂಥವಕ್ಕೆ ಇದೇ ಸರಿ.

ಮ್ಯಾಗ್ನೆಟ್ ಹೂಪಿನಲ್ಲಿ ಒಂದರೊಳಗೆ ಒಂದು ತೂರುವ ಚೌಕಟ್ಟಿಲ್ಲ. ಕೆಳಗೊಂದು, ಮೇಲೊಂದು, ಎರಡೂ ಚಪ್ಪಟೆ. ಕೆಳಗಿನದರ ಮೇಲೆ ಕ್ವಿಲ್ಟ್ ಹಾಸಿ, ಗೆರೆ ನೋಡಿಕೊಂಡು, ಮೇಲಿನದನ್ನು ನೇರವಾಗಿ ಇಳಿಸಿದರೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ಎಲ್ಲಿಗೂ ನೂಕುವುದಿಲ್ಲ, ಇದ್ದ ಜಾಗದಲ್ಲೇ ಅದುಮುತ್ತದೆ. ಹಾಗಾಗಿ ಗೆರೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ಸ್ವಲ್ಪ ಆಚೀಚೆ ಆದರೂ ಒಂದು ಬದಿ ಎತ್ತಿ, ಬಟ್ಟೆ ಸರಿಸಿ, ಮತ್ತೆ ಬಿಟ್ಟರೆ ಆಯಿತು. ಇಳಿಸುವ ಮೊದಲು ಅಡಿಯಲ್ಲಿ ಅಂಗೈ ಆಡಿಸುತ್ತೇನೆ, ಮಡಿಕೆ ಇದ್ದರೆ ಕೈಗೆ ಸಿಗುತ್ತದೆ. ಮಣಿಕಟ್ಟಿಗೂ ಆರಾಮ, ತಿರುಗಿಸಲು ಸ್ಕ್ರೂ ಇಲ್ಲವಲ್ಲ.

ಇದಕ್ಕೂ ಅದರದೇ ತರಲೆಗಳಿವೆ. ಪದರ ದಪ್ಪವಾದಷ್ಟೂ ಮ್ಯಾಗ್ನೆಟ್ ಹಿಡಿತ ಬೇಗ ಇಳಿಯುತ್ತದೆ. ತೆಳು ಕಾಟನ್ ಬ್ಯಾಟಿಂಗ್ ಆದರೆ ಗಟ್ಟಿಯಾಗಿ ಹಿಡಿಯುತ್ತದೆ, ಉಬ್ಬಿದ ಪಾಲಿಯೆಸ್ಟರ್ ಬ್ಯಾಟಿಂಗ್ ಜಾರುತ್ತದೆ. ಬೆರಳು ಮಧ್ಯೆ ಸಿಕ್ಕಿಕೊಂಡರೆ ಚೆನ್ನಾಗಿಯೇ ನೋಯುತ್ತದೆ. ಪದರಗಳನ್ನು ಸೇಫ್ಟಿ ಪಿನ್ನಿನಲ್ಲಿ ಹಿಡಿಸಿದ್ದರೆ ಅದೂ ತಾಪತ್ರಯ, ಹತ್ತಿರದ ಪಿನ್ನುಗಳೆಲ್ಲ ಚೌಕಟ್ಟಿಗೆ ಅಂಟಿ ಬಟ್ಟೆಯನ್ನು ಎಳೆಯುತ್ತವೆ. ಈಗ ನೂಲಿನ ಟಾಕು ಇಲ್ಲವೇ ಅಂಟು ಸ್ಪ್ರೇ ಬಳಸುತ್ತೇನೆ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಈ ಹೂಪನ್ನು ಅವರಿಂದ ದೂರವೇ ಇಡಬೇಕು.

ಯಾವ ಹೂಪ್ ಆದರೂ ಕ್ವಿಲ್ಟಿನ ಭಾರಕ್ಕೆ ಮೇಜಿನ ಆಸರೆ ಕೊಡಿ, ನೇತಾಡಲು ಬಿಡಬೇಡಿ. ಒತ್ತೊತ್ತಾಗಿ ತುಂಬಿಸುವ ಡಿಸೈನ್ ಬೇಡ, ಕ್ವಿಲ್ಟ್ ಹಲಗೆಯಾಗುತ್ತದೆ. ನಾನು 90/14 ಅಳತೆಯ ಸೂಜಿ ಹಾಕಿ, ವೇಗವನ್ನು ನಿಮಿಷಕ್ಕೆ 600 ಹೊಲಿಗೆಗೆ ಇಳಿಸಿಕೊಳ್ಳುತ್ತೇನೆ.

ಬೆಲೆಯಲ್ಲಿ ಸ್ಕ್ರೂ ಹೂಪೇ ಗೆಲ್ಲುತ್ತದೆ, ಅದರಲ್ಲಿ ಮಾತಿಲ್ಲ. ಮಷಿನ್ ಜೊತೆಗೇ ಬರುತ್ತದೆ. ಯಾವಾಗಲೋ ಒಂದು ಕ್ವಿಲ್ಟ್ ಹೊಲಿಯುವವರು ಅದರಲ್ಲೇ ಸಾಗಿಸಿ. ನಾನು ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಕೂರುವವಳು. ಆ ಸಮಯ ಗೆರೆ ಹೊಂದಿಸುವುದರಲ್ಲೇ ಹೋದರೆ ಮಾರನೇ ದಿನ ಮಷಿನ್ ಹತ್ತಿರ ಹೋಗಲು ಮನಸ್ಸೇ ಬರುವುದಿಲ್ಲ. ಅದಕ್ಕೇ ದುಡ್ಡು ಜಾಸ್ತಿ ಆದರೂ ಮ್ಯಾಗ್ನೆಟ್ ತಗೊಂಡಿದ್ದು. ಅದೂ ಪೂರ್ತಿ ಸೆಟ್ ಅಲ್ಲ, 5×7 ಒಂದೇ. ಸಣ್ಣ ಹೂಪುಗಳು ಕ್ವಿಲ್ಟಿಗೆ ಉಪಯೋಗವಿಲ್ಲ, ಅವುಗಳ ದುಡ್ಡು ದಂಡ. ಕ್ವಿಲ್ಟಿನ ಹಿಂದೆ ಹೊಲಿಯುವ ಹೆಸರಿನ ಪಟ್ಟಿ ಒಂದೇ ಪದರದ್ದು, ಅದಕ್ಕೆ ಸ್ಕ್ರೂ ಹೂಪ್ ಇದ್ದೇ ಇದೆ.

ಕೊಳ್ಳುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಹೂಪನ್ನು ಮಷಿನ್ನಿನ ತೋಳಿಗೆ ಸಿಕ್ಕಿಸುವ ಕೊಂಡಿ ಒಂದೊಂದು ಮಾಡೆಲ್‌ಗೆ ಒಂದೊಂದು ತರಹ, ಹಾಗಾಗಿ ನಿಮ್ಮ ಮಾಡೆಲ್ ಹೆಸರು ಹೇಳಿಯೇ ಕೇಳಿ. ಇನ್ನೊಂದು, ಒಳಗಿನ ಜಾಗ ಮಾಮೂಲಿ ಹೂಪಿಗಿಂತ ಕಿರಿದಾಗಿದೆಯೇ ಅಂತ ಅಳೆಯಿರಿ. ಮಷಿನ್‌ಗೆ ನೀವು ಹೂಪ್ ಬದಲಿಸಿದ್ದು ಗೊತ್ತಾಗುವುದಿಲ್ಲ. ಮಾಮೂಲಿ ಹೂಪ್ ಅಂತಲೇ ತಿಳಿದು ಅಂಚಿನವರೆಗೂ ಸೂಜಿ ಓಡಿಸುತ್ತದೆ, ಸೂಜಿ ಚೌಕಟ್ಟಿಗೆ ಬಡಿದರೆ ಮುರಿಯುತ್ತದೆ. ಹೊಲಿಗೆ ಶುರು ಮಾಡುವ ಮೊದಲು ಡಿಸೈನಿನ ಸುತ್ತ ಒಂದು ಸಲ ಹೂಪ್ ಓಡಿಸಿ ತೋರಿಸುವ ಬಟನ್ ಹೆಚ್ಚಿನ ಮಷಿನ್‌ಗಳಲ್ಲಿ ಇರುತ್ತದೆ, ಅದನ್ನು ಒತ್ತದೆ ಮುಂದೆ ಹೋಗಬೇಡಿ.