ಕಾಠ್ಮಂಡು, ಪಾಟನ್, ಭಕ್ತಪುರ: ಅರ್ಧ ದಿನವಿದ್ದರೆ ಯಾವ ದರ್ಬಾರ್ ಚೌಕ?

ನೇಪಾಳಕ್ಕೆ ಹೋಗುವ ನಮ್ಮವರು ಹೆಚ್ಚಾಗಿ ಪಶುಪತಿನಾಥ, ಮುಕ್ತಿನಾಥ ಅಂತಲೇ ಹೊರಡುತ್ತಾರೆ. ಕಾಠ್ಮಂಡು ಕಣಿವೆಯ ಮೂಲ ಜನರಾದ ನೇವಾರರ ಅರಮನೆ ಚೌಕಕ್ಕೆ (ದರ್ಬಾರ್ ಚೌಕ) ಉಳಿಯುವುದು ಅರ್ಧ ದಿನ. ಚೌಕಗಳೋ ಮೂರು. ಮೂರನ್ನೂ ನಿಧಾನವಾಗಿ ಸುತ್ತಿದ ಮೇಲೆ ನನ್ನ ಓಟು ಪಾಟನ್‌ಗೆ.

ಮೂರು ಯಾಕೆ ಅಂದರೆ, 1482ರಲ್ಲಿ ಯಕ್ಷ ಮಲ್ಲ ತೀರಿಕೊಂಡ ಮೇಲೆ ಕಣಿವೆಯ ರಾಜ್ಯ ಮಕ್ಕಳಲ್ಲಿ ಹಂಚಿಹೋಯಿತು. ಆಮೇಲೆ ಬಂದ ಮಲ್ಲ ರಾಜರು ಒಬ್ಬರನ್ನೊಬ್ಬರು ಮೀರಿಸುವಂತೆ ಕಟ್ಟಿಸುತ್ತಲೇ ಹೋದರು. ಹಾಗಾಗಿ ಮೂರೂ ಕಡೆ ಮಲ್ಲರ ಕುಲದೇವತೆ ತಲೇಜುವಿನ ಗುಡಿ ಇದೆ, ಕಂಬದ ಮೇಲೆ ಕೂತ ರಾಜನ ಮೂರ್ತಿ ಇದೆ.

ಕಾಠ್ಮಂಡುವಿನ ಚೌಕವಾದ ಹನುಮಾನ್ ಢೋಕಾದಲ್ಲಿ ಗದ್ದಲ ಜಾಸ್ತಿ. 1908ರ ಬಿಳಿ ಸಭಾಭವನ ಗದ್ದಿ ಬೈಠಕ್, ಸುತ್ತಲಿನ ಇಟ್ಟಿಗೆ, ಮರದ ಕೆಲಸಕ್ಕೆ ಹೊಂದುವುದೇ ಇಲ್ಲ. ಆದರೆ ಜೀವಂತ ದೇವಿ ಅಂತ ಪೂಜೆಗೊಳ್ಳುವ ಮುಖ್ಯ ಕುಮಾರಿ ಇರುವುದು ಇಲ್ಲಿ. ಬೌದ್ಧ ಶಾಕ್ಯರ ಮನೆಯ ಹುಡುಗಿಯನ್ನು ತಲೇಜು ದೇವಿ ಅಂತ ಹಿಂದೂಗಳೂ ಪೂಜಿಸುತ್ತಾರೆ. ಆಕೆಯ ಮನೆ 1757ರದ್ದು. 2015ರ ಭೂಕಂಪದಲ್ಲಿ ಬಿದ್ದ ಕಾಷ್ಠಮಂಡಪವನ್ನು ಮತ್ತೆ ಮರದಲ್ಲೇ ಎಬ್ಬಿಸಿದ್ದಾರೆ. ಈ ಚೌಕಕ್ಕೆ ಇಂದ್ರಜಾತ್ರೆಯ ಹೊತ್ತಿಗೇ ಹೋಗಬೇಕು. ಕುಮಾರಿಯ ರಥ ಹೊರಟಾಗ ಬೇರೆಯದೇ ಊರು ಅನ್ನಿಸುತ್ತದೆ. ಮಾಮೂಲಿ ದಿನ ಅರ್ಧವನ್ನಷ್ಟೇ ನೋಡಿದಂತೆ.

ಭಕ್ತಪುರ ಕಾಠ್ಮಂಡುವಿನಿಂದ ಸುಮಾರು 13 ಕಿಲೋಮೀಟರ್. ಮೂರರಲ್ಲಿ ವಿಶಾಲವಾದದ್ದು ಇದೇ. 55 ಕಿಟಕಿಯ ಅರಮನೆ, ಪಕ್ಕದಲ್ಲಿ ಚಿನ್ನದ ಬಾಗಿಲು. ಸ್ವಲ್ಪ ಮುಂದೆ ತೌಮಾಢಿ ಚೌಕದಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ ಐದು ಮಾಡಿನ ನ್ಯಾತಪೋಲ. 1702ರ ಈ ಗುಡಿ 1934ರ ಭೂಕಂಪಕ್ಕೂ 2015ರದ್ದಕ್ಕೂ ಬೀಳಲಿಲ್ಲ. ಮೆಟ್ಟಿಲ ಎರಡೂ ಬದಿ ಜಟ್ಟಿಗಳು, ಮೇಲೆ ಆನೆ, ಆಮೇಲೆ ಸಿಂಹ. ಒಬ್ಬೊಬ್ಬರೂ ಕೆಳಗಿನವರಿಗಿಂತ ಹತ್ತು ಪಟ್ಟು ಬಲಶಾಲಿಗಳಂತೆ. ನಮಗೆ ಇಲ್ಲಿ ಇನ್ನೊಂದು ನಂಟೂ ಇದೆ. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ಕರ್ನಾಟ ವಂಶದವನು. ಅದೇ ವಂಶದ ಹರಿಸಿಂಹದೇವನ ಕಡೆಯಿಂದ ತಲೇಜು ಭಕ್ತಪುರಕ್ಕೆ ಬಂದಳು ಅಂತ ಇಲ್ಲಿನವರ ನಂಬಿಕೆ. ಅದನ್ನು ತಿಳಿದು, ತಲೇಜು ಗುಡಿಗೆ ದಾರಿಯಾದ ಆ ಚಿನ್ನದ ಬಾಗಿಲ ಮುಂದೆ ನಿಂತರೆ ಮೈ ಜುಮ್ಮೆನ್ನುತ್ತದೆ. ಆದರೆ ಭಕ್ತಪುರಕ್ಕೆ ಅರ್ಧ ದಿನ ಸಾಲದು. ಕುಂಬಾರರ ಚೌಕ, ದತ್ತಾತ್ರೇಯ ಗುಡಿ, ಮಣ್ಣಿನ ಕುಡಿಕೆಯ ಗಟ್ಟಿ ಜುಜು ಧೌ ಮೊಸರು, ಇವನ್ನು ಓಡುತ್ತಾ ಮುಗಿಸಲು ಆಗುವುದಿಲ್ಲ.

ಪಾಟನ್ ಚಿಕ್ಕದು. ಕಾಠ್ಮಂಡುವಿನಿಂದ ಬಾಗ್ಮತಿ ನದಿ ದಾಟಿದರೆ ಬಂತು. ಒಂದು ಬದಿಗೆ ಉದ್ದಕ್ಕೂ ಅರಮನೆ, ಎದುರಿಗೆ ಸಾಲಾಗಿ ಗುಡಿಗಳು. ನಡುವೆ ಸಿದ್ಧಿ ನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಕೃಷ್ಣ ಮಂದಿರ, ಪೂರ್ತಿ ಕಲ್ಲಿನದು, 21 ಶಿಖರ. ಸುತ್ತ ಮಹಾಭಾರತ, ರಾಮಾಯಣದ ಕಥೆ ಪಟ್ಟಿಯಾಗಿ ಓಡುತ್ತದೆ. ಹಳೇಬೀಡಿನಲ್ಲಿ ಗೋಡೆ ಓದುತ್ತಾ ನಡೆದವರಿಗೆ ಇದು ಕೂಡಲೇ ಹಿಡಿಸುತ್ತದೆ.

ಉತ್ತರದ ತುದಿಯಲ್ಲಿ ಮೆಟ್ಟಿಲಿಳಿದರೆ ಮಂಗ ಹಿತಿ ಅನ್ನುವ ನೀರಿನ ತಾಣ. ಕಲ್ಲಿನ ಮೂರು ಮಕರದ ಬಾಯಿಂದ ನೀರು ಬೀಳುತ್ತದೆ. ಕೃಷ್ಣ ಮಂದಿರಕ್ಕಿಂತ ಸಾವಿರ ವರ್ಷ ಹಳೆಯದು. ಇಂದಿಗೂ ಜನ ಕೊಡ, ಕ್ಯಾನು ಹಿಡಿದು ಬರುತ್ತಾರೆ. ಇದಕ್ಕಿಂತ ಒಳ್ಳೆಯ ಸಂರಕ್ಷಣೆ ಯಾವುದಿದೆ ಹೇಳಿ?

ಇನ್ನು ಅರಮನೆಯೊಳಗಿನ ಮ್ಯೂಸಿಯಂ. 1997ರಲ್ಲಿ ತೆರೆದದ್ದು. ವಿಗ್ರಹಗಳನ್ನು ಸುಮ್ನೆ ಗಾಜಿನೊಳಗಿಟ್ಟಿಲ್ಲ. ಯಾವ ಮುದ್ರೆಗೆ ಏನರ್ಥ, ಮೇಣದ ಅಚ್ಚಿನಿಂದ ಲೋಹದ ಮೂರ್ತಿ ಹೇಗಾಗುತ್ತದೆ, ಹಂತಹಂತವಾಗಿ ತೋರಿಸಿದ್ದಾರೆ. ಅದನ್ನು ನೋಡಿ ಹೊರಗೆ ಬಂದರೆ ಹತ್ತಿರದ ಓಣಿಗಳಲ್ಲಿ ಅದೇ ಕೆಲಸ ನಡೆಯುತ್ತಿರುತ್ತದೆ. 2015ರಲ್ಲಿ ಬಿದ್ದ ಚಾರ್ ನಾರಾಯಣ ಗುಡಿಯನ್ನೂ ಹತ್ತಿರದಿಂದ ನೋಡಿ. ಹಳೆಯ ಕೆತ್ತನೆಗಳನ್ನು ಜೋಪಾನವಾಗಿ ಎತ್ತಿಟ್ಟು, ಇಲ್ಲದ ಕಡೆ ಮಾತ್ರ ಹೊಸ ಮರ ಕೂರಿಸಿದ್ದಾರೆ. ಬಣ್ಣದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಒಂದೇ ಮಧ್ಯಾಹ್ನದಲ್ಲಿ ಕಟ್ಟಿದ್ದು, ಬಿದ್ದದ್ದು, ಮತ್ತೆ ಎದ್ದದ್ದು ಮೂರೂ ಕಾಣುವುದು ನನ್ನ ಮಟ್ಟಿಗೆ ಪಾಟನ್‌ನಲ್ಲೇ.

ಎರಡು ದಿನವಿದ್ದರೆ ಒಂದು ರಾತ್ರಿ ಭಕ್ತಪುರದಲ್ಲೇ ಉಳಿಯಿರಿ, ಪಾಟನ್ ಮರುದಿನಕ್ಕಿರಲಿ. ಮೂರೂ ಕಡೆ ಟಿಕೆಟ್ ಇದೆ. ಸಾರ್ಕ್ ದೇಶದವರಿಗೆ ದರ ಕಡಿಮೆ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಜೊತೆಗಿರಲಿ.