ನಾರ್ಡ್‌ಶ್ಲೈಫೆಗೆ ವೀಲಾ, ಗೇಮ್‌ಪ್ಯಾಡಾ?

ಕಂಪ್ಯೂಟರ್ ಕಾರ್ ರೇಸಿಂಗ್ ಗೇಮ್ ಆಡಲು ಸ್ಟಿಯರಿಂಗ್ ವೀಲ್ ಒಳ್ಳೆಯದಾ, ಗೇಮ್‌ಪ್ಯಾಡಾ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೀಲ್‌ಗೆ. ಅದೂ ಸೆಕೆಂಡ್ ಹ್ಯಾಂಡ್ ಗೇರ್ ಡ್ರೈವ್ ವೀಲ್ (ಒಳಗಿನ ಮೋಟರಿನ ಬಲ ಹಲ್ಲಿನ ಚಕ್ರಗಳ ಮೂಲಕ ಕೈಗೆ ಬರುವಂಥದ್ದು), ಪೆಡಲ್ ಸೇರಿ 15,000 ರೂಪಾಯಿಗೆ ತಂದದ್ದು. ಅಲ್ಲಿಯವರೆಗೆ ಗೇಮ್‌ಪ್ಯಾಡ್‌ನಲ್ಲೇ ಆಡುತ್ತಿದ್ದೆ. ಎರಡರಲ್ಲೂ ಗುರಿ ಒಂದೇ: ಅಸೆಟ್ಟೊ ಕೊರ್ಸಾ ಗೇಮ್, ಜರ್ಮನಿಯ ನಾರ್ಡ್‌ಶ್ಲೈಫೆ ಟ್ರ್ಯಾಕ್, ಬಿಎಂಡಬ್ಲ್ಯು ಎಂ3 ಇ92 ಕಾರು. ಎಬಿಎಸ್ ಬಿಟ್ಟು ಬೇರೆ ಯಾವ ಸಹಾಯವೂ ಇಲ್ಲ. ಎಲ್ಲೂ ಟ್ರ್ಯಾಕ್ ಬಿಟ್ಟು ಅಡ್ಡದಾರಿ ಹಿಡಿಯದೆ 8 ನಿಮಿಷ 20 ಸೆಕೆಂಡಿನೊಳಗೆ ಒಂದು ಲ್ಯಾಪ್.

ಈ ಟ್ರ್ಯಾಕ್ ಯಾಕಿಷ್ಟು ಕಷ್ಟ ಅಂದರೆ, ಉದ್ದವೇ 20.832 ಕಿಲೋಮೀಟರ್. ಐಫೆಲ್ ಬೆಟ್ಟಗಳ ಕಾಡಿನೊಳಗೆ ಸುಮಾರು 300 ಮೀಟರ್ ಏರಿಳಿತ. ಫಾರ್ಮುಲಾ ಒನ್ ಚಾಲಕ ಜಾಕಿ ಸ್ಟೀವರ್ಟ್ ಇದನ್ನು ಹಸಿರು ನರಕ ಅಂತ ಕರೆದರು. 1976ರಲ್ಲಿ ಇನ್ನೊಬ್ಬ ಫಾರ್ಮುಲಾ ಒನ್ ಚಾಲಕ ನಿಕಿ ಲೌಡಾ ಅವರ ಕಾರು ಹೊತ್ತಿ ಉರಿದದ್ದು ಇಲ್ಲೇ, ಬೆರ್ಗ್‌ವೆರ್ಕ್ ತಿರುವಿಗೆ ಸ್ವಲ್ಪ ಮುಂಚೆ. ಗೇಮ್‌ನಲ್ಲಿರುವುದು ಲೇಸರ್ ಸ್ಕ್ಯಾನ್ ಮಾಡಿದ ಟ್ರ್ಯಾಕ್, ಹಾಗಾಗಿ ಉಬ್ಬು ತಗ್ಗುಗಳೆಲ್ಲ ಇದ್ದ ಹಾಗೇ ಬಂದಿವೆ. ತಿರುವುಗಳನ್ನು ಬಾಯಿಪಾಠ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕಾರಿನ ಭಾರ ಎತ್ತ ಹೋಗುತ್ತಿದೆ ಅಂತ ತಿಳಿಯುವುದು.

ಗೇಮ್‌ಪ್ಯಾಡ್ ಸೋಲುವುದು ಇಲ್ಲೇ. ಫ್ಲುಗ್‌ಪ್ಲಾಟ್ಸ್ ದಿಬ್ಬದ ಮೇಲೆ ಕಾರು ಹಗುರ ಆಗುತ್ತದೆ. ಮುಂದಿನ ಟೈರ್‌ಗಳಿಗೆ ಹಿಡಿತ ಇರುವುದಿಲ್ಲ. ಆಗ ಸ್ಟಿಯರಿಂಗ್ ಸ್ವಲ್ಪ ತಿರುಗಿಯೇ ಇದ್ದರೆ, ಕಾರು ಮತ್ತೆ ನೆಲಕ್ಕೆ ಕೂರುವಾಗ ಮೂತಿ ಗಪ್ಪನೆ ಕಚ್ಚಿಕೊಂಡು ಹಿಂಬದಿ ಬೀಸುತ್ತದೆ. ಪ್ಯಾಡ್‌ನ ಸ್ಟಿಕ್ ಆಗಲೂ ಅಷ್ಟೇ ಬಿಗಿ, ಈಗಲೂ ಅಷ್ಟೇ ಬಿಗಿ. ಸ್ಕ್ರೀನ್ ನೋಡಿ ಗೊತ್ತಾಗುವ ಹೊತ್ತಿಗೆ ಕಾರು ಬೇಲಿಯಲ್ಲಿರುತ್ತದೆ. ವೀಲ್‌ನಲ್ಲಾದರೆ ದಿಬ್ಬದ ತುದಿಯಲ್ಲೇ ಕೈಯಲ್ಲಿನ ಭಾರ ಇಳಿಯುವುದು ತಿಳಿಯುತ್ತದೆ. ತಕ್ಷಣ ನೇರ ಮಾಡಿಕೊಳ್ಳಬಹುದು. ಫುಕ್ಸ್‌ರೋರೆ ಇಳಿಜಾರಿನ ತಳದಲ್ಲಿ ಇದರ ಉಲ್ಟಾ. ಕಾರು ಒತ್ತಿಕೊಂಡು ವೀಲ್ ಭಾರ ಆಗುತ್ತದೆ, ಅಲ್ಲಿಂದ ಮೇಲೇರುವಾಗ ನೇರ ಇಟ್ಟುಕೊಂಡು ಆಡೆನಾವರ್ ಫೋರ್ಸ್ಟ್ ತಿರುವಿಗೆ ಬ್ರೇಕ್ ಹಾಕಬೇಕು. ಆ ಭಾರ ಬಿಡುವ ಕ್ಷಣವೇ ನನಗೆ ಬ್ರೇಕಿನ ಗುರುತು.

ಪ್ಯಾಡ್‌ನಲ್ಲಿ ಇನ್ನೊಂದು ಕಾಟ, ಸ್ಪೀಡ್ ಸೆನ್ಸಿಟಿವಿಟಿ, ಅಂದರೆ ವೇಗ ಹೆಚ್ಚಿದಂತೆ ಸ್ಟಿಯರಿಂಗ್ ತಿರುಗುವುದನ್ನು ತಗ್ಗಿಸುವ ಸೆಟ್ಟಿಂಗ್. ಜಾಸ್ತಿ ಇಟ್ಟರೆ ಶ್ವೇಡನ್‌ಕ್ರಾಯ್ಟ್ಸ್‌ನಂಥ ವೇಗದ ತಿರುವಿನಲ್ಲಿ ಕಾರು ಸುಮ್ಮನಿರುತ್ತದೆ, ಆದರೆ ಜಾರಿದಾಗ ಎದುರು ತಿರುಗಿಸಲೂ ಸಾಲುವುದಿಲ್ಲ. ಕಡಿಮೆ ಮಾಡಿದರೆ ಹೆಬ್ಬೆರಳು ಅಲುಗಿದರೂ ಕಾರು ಅಲುಗುತ್ತದೆ.

ಹಾಗಂತ ವೀಲ್ ತಂದ ದಿನವೇ ಸುಖ ಸಿಗಲಿಲ್ಲ. ತೊಂದರೆ ಕೊಟ್ಟದ್ದು ವೀಲ್ ಅಲ್ಲ, ನೆಲ. ಪೆಡಲ್ ಸೆಟ್ಟಿನ ಅಡಿಗೆ ಕಾರ್ಪೆಟ್ ಕಚ್ಚಿಕೊಳ್ಳಲಿ ಅಂತ ಹಲ್ಲುಗಳಿರುತ್ತವೆ. ನಮ್ಮ ಮನೆಗಳಲ್ಲಿ ಕಾರ್ಪೆಟ್ ಎಲ್ಲಿದೆ? ನುಣುಪಾದ ಟೈಲ್ಸ್ ಮೇಲೆ ಆ ಹಲ್ಲಿಗೆ ಕೆಲಸವೇ ಇಲ್ಲ. ಆರೆಂಬರ್ಗ್ ತಿರುವಿನಲ್ಲಿ ಜೋರಾಗಿ ಬ್ರೇಕ್ ತುಳಿದರೆ ಪೆಡಲ್ ಮುಂದೆ ಜಾರುತ್ತಿತ್ತು, ಚಕ್ರದ ಕುರ್ಚಿ ಹಿಂದೆ ಓಡುತ್ತಿತ್ತು. ಕಾಲು ಪೂರ್ತಿ ಚಾಚಿಹೋಗಿ ಬ್ರೇಕ್ ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ಸಲ ಜಾರಿದರೆ ಆ ಲ್ಯಾಪ್ ಮಾತ್ರ ಹಾಳು ಅಂದುಕೊಳ್ಳಬೇಡಿ. ಬ್ರೇಕ್ ಕಲಿಯುವುದು ಕಾಲಿನ ಸ್ನಾಯು. ಪೆಡಲ್ ದಿನಕ್ಕೊಂದು ದೂರದಲ್ಲಿದ್ದರೆ ಅದು ಏನು ಕಲಿತೀತು? ಅದೇ ಜಾಗದಲ್ಲಿ ತುಳಿದರೂ ಒಮ್ಮೆ ಬೇಗ ನಿಲ್ಲುತ್ತಿದ್ದೆ, ಒಮ್ಮೆ ತಿರುವು ದಾಟಿ ಹೋಗುತ್ತಿದ್ದೆ.

ಆ್ಯಂಟಿ ಸ್ಕಿಡ್ ಮ್ಯಾಟ್ ಹಾಸಿದೆ, ಮ್ಯಾಟ್ ಸಮೇತ ಜಾರಿತು. ಡಬಲ್ ಟೇಪ್ ನಾಲ್ಕು ದಿನ ಬಾಳಿತು. ಕೊನೆಗೆ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಮರದ ರೀಪರ್ ತಂದು, ಗೋಡೆಗೂ ಪೆಡಲಿಗೂ ನಡುವೆ ಬಿಗಿಯಾಗಿ ಕೂರುವಷ್ಟು ಕೊಯ್ಯಿಸಿದೆ. ಚಕ್ರದ ಕುರ್ಚಿ ಬಿಟ್ಟು ಊಟದ ಮೇಜಿನ ಮರದ ಕುರ್ಚಿ ಹಾಕಿಕೊಂಡೆ. ಅಲ್ಲಿಂದ ಎಲ್ಲ ಸರಿಹೋಯಿತು. ನನ್ನ 8:20 ಒಡೆದದ್ದು ಈ ರೀಪರ್ ಬಂದ ಮೇಲೆಯೇ.

ಫೋರ್ಸ್ ಫೀಡ್‌ಬ್ಯಾಕ್ ಗೇನ್, ಅಂದರೆ ವೀಲ್ ಕೈಗೆ ಕೊಡುವ ಬಲದ ಮಟ್ಟವನ್ನು, ಪೂರ್ತಿ ಏರಿಸಬೇಡಿ. ಗೇಮ್ ಒಳಗಿನ ಪೆಡಲ್ ಆ್ಯಪ್‌ನಲ್ಲಿ ಅದರ ಪಟ್ಟಿ ಪದೇ ಪದೇ ಕೆಂಪಾದರೆ ಸೂಕ್ಷ್ಮ ಸುಳಿವುಗಳು ಕೈಗೆ ಬರುತ್ತಿಲ್ಲ ಅಂತಲೇ ಅರ್ಥ.

ಸದ್ದಿನ ವಿಷಯದಲ್ಲಿ ಗೆಲ್ಲುವುದು ಗೇಮ್‌ಪ್ಯಾಡ್. ಕರುಸೆಲ್ ತಿರುವಿನ ಕಾಂಕ್ರೀಟ್ ಬಾಣಲೆಗೆ ಇಳಿದರೆ ಗೇರ್ ವೀಲ್ ಕಟಕಟ ಅಂತ ಇಡೀ ಮೇಜನ್ನೇ ನಡುಗಿಸುತ್ತದೆ. ರಾತ್ರಿ ಹತ್ತರ ಮೇಲೆ ಕೆಳಗಿನ ಮನೆಯವರ ನೆನಪಾಗಿ ನಾನೂ ಪ್ಯಾಡ್ ಹಿಡಿಯುತ್ತೇನೆ.

ಕೀಬೋರ್ಡ್: ಈ ಟ್ರ್ಯಾಕ್‌ಗೆ ಬೇಡ. ಡೈರೆಕ್ಟ್ ಡ್ರೈವ್ (ಮೋಟರಿಗೇ ನೇರ ಜೋಡಿಸಿದ ವೀಲ್): ಗೆಳೆಯನ ಮನೆಯಲ್ಲಿ ಆಡಿದೆ, ಅದ್ಭುತ, ನನ್ನ ಜೇಬಿಗೆ ಎಟುಕದು.

ವಾರಕ್ಕೊಮ್ಮೆ ಅರ್ಧ ಗಂಟೆ ಆಡುವವರು, ಯಾವ ಕಾರಾದರೂ ಸರಿ ಅನ್ನುವವರು ಗೇಮ್‌ಪ್ಯಾಡ್‌ನಲ್ಲೇ ಇರಿ. ಸ್ಟಿಯರಿಂಗ್ ಗಾಮಾ ಅನ್ನುವ ಸೆಟ್ಟಿಂಗ್ ಸ್ವಲ್ಪ ಏರಿಸಿ, ಸ್ಟಿಕ್ ನಡುವಿನಲ್ಲಿ ಅಲುಗಿದರೆ ಸ್ಟಿಯರಿಂಗ್ ಕಡಿಮೆ ತಿರುಗುತ್ತದೆ, ನೇರ ರಸ್ತೆಯಲ್ಲಿ ಕಾರು ತಡಬಡಿಸುವುದು ಕಡಿಮೆ ಆಗುತ್ತದೆ. ನನ್ನ ಹಾಗೆ ಒಂದೇ ಕಾರು, ಒಂದೇ ಟ್ರ್ಯಾಕ್ ಹಿಡಿದು ದಿನಾ ಸಂಜೆ ಕೂರುವವರಾದರೆ ಹಳೆಯ ಗೇರ್ ವೀಲ್ ಸಾಕು. ಆದರೆ ದುಡ್ಡು ಕೊಡುವ ಮುಂಚೆ ಬ್ರೇಕ್ ಪೆಡಲ್ ನಿಧಾನ ಒತ್ತಿ, ಸ್ಕ್ರೀನ್ ಮೇಲಿನ ಪಟ್ಟಿ ನೆಗೆಯದೆ ಏರುತ್ತದಾ ನೋಡಿ. ಮನೆಯಲ್ಲಿ ಮೇಜಿನ ಅಂಚಿನ ದಪ್ಪವನ್ನೂ ಅಳೆದುಕೊಂಡು ಹೋಗಿ, ತೀರಾ ದಪ್ಪ ಇದ್ದರೆ ವೀಲನ್ನು ಮೇಜಿಗೆ ಬಿಗಿಯುವ ಕ್ಲ್ಯಾಂಪ್ ಕೂರುವುದಿಲ್ಲ.